ರಣಭೂಮಿಯಲ್ಲಿ ಪಶುವೈದ್ಯನ ಮಾತಿನ ಅಧಿಕಾರ

ಹಿಮಾಲಯದ ಗಡಿಯಲ್ಲಿ ಭಾರ ಹೊರುವ ಸೇನೆಯ ಹೇಸರಗತ್ತೆಗೆ ಒಡೆಯರು ಹಲವರು. ಅದನ್ನು ಸಾಕಿ ಒದಗಿಸುವುದು ರಿಮೌಂಟ್ ವೆಟರಿನರಿ ಕೋರ್. ದಿನನಿತ್ಯ ಮೇಯಿಸಿ ನಡೆಸುವುದು ಆರ್ಮಿ ಸರ್ವಿಸ್ ಕೋರ್‌ನ ಪ್ರಾಣಿಸಾರಿಗೆ ತುಕಡಿ. ಯಾವ ಠಾಣೆಗೆ ಎಷ್ಟು ಸಾಮಗ್ರಿ ಸಂಜೆಯೊಳಗೆ ಏರಬೇಕೆಂದು ವಿಧಿಸುವುದು ಮೇಲಿರುವ ಪದಾತಿ ಬೆಟಾಲಿಯನ್. ಜೀನು ಉಜ್ಜಿ ಬೆನ್ನಿನ ಮೇಲೆ ಎದ್ದ ಹುಣ್ಣನ್ನು ಬೆರಳಿನಿಂದ ಒತ್ತಿ ನೋಡಿ, ವಾಸಿಯಾಗುವವರೆಗೆ ಇದು ಭಾರ ಹೊರಕೂಡದೆಂದು ಹೇಳುವವನು ಪಶುವೈದ್ಯಾಧಿಕಾರಿ. ಶಾಂತಿಕಾಲದಲ್ಲಿ ಈ ನಾಲ್ವರ ನಡುವಣ ವ್ಯತ್ಯಾಸಗಳು ಕಾಗದಪತ್ರಗಳಲ್ಲಿಯೇ ಪರಿಹಾರವಾಗುತ್ತವೆ. ನಿಯೋಜನೆಯ ಕಾಲದಲ್ಲಿ, ಹಿಮ ಬೀಳುವ ಮುನ್ನ ಠಾಣೆಯನ್ನು ತುಂಬಿಸಲೇಬೇಕಾದ ತ್ವರೆಯಲ್ಲಿ, ವೈದ್ಯನ ಮಾತು ಆಜ್ಞೆಯೋ ಕೇವಲ ಸಲಹೆಯೋ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಮುಂಚಿತವಾಗಿಯೇ ಖಚಿತವಾದ ಉತ್ತರವಿಲ್ಲದ ಸೈನ್ಯವು ಪ್ರಾಣಿಗಳನ್ನೂ, ಅವುಗಳನ್ನು ನಂಬಿದ ಸೈನಿಕರನ್ನೂ ವೃಥಾ ಅಪಾಯಕ್ಕೆ ಒಡ್ಡುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಇತಿಹಾಸದ ಆಧಾರ ಬಲವಾಗಿಯೇ ಉಂಟು. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ಬೋಅರರೊಡನೆ ನಡೆದ ಯುದ್ಧದಲ್ಲಿ ಬ್ರಿಟಿಷ್ ಸೈನ್ಯವು ಸುಮಾರು 3 ಲಕ್ಷ 26 ಸಾವಿರ ಕುದುರೆಗಳನ್ನು ಕಳೆದುಕೊಂಡಿತು. ಇವುಗಳಲ್ಲಿ ಶತ್ರುವಿನ ಗುಂಡಿಗೆ ಬಿದ್ದವು ಅತ್ಯಲ್ಪ. ವಾರಗಟ್ಟಲೆ ಹಡಗಿನಲ್ಲಿ ನಿಂತೇ ಬಂದು, ಕಾಲು ನೆಟ್ಟಗಾಗುವ ಮೊದಲೇ ರೈಲುಬಂಡಿ ಏರಿ, ಹೊಸ ನೆಲದ ಗಾಳಿಗೂ ಮೇವಿಗೂ ಒಗ್ಗದೆ ನೇರವಾಗಿ ಸವಾರನ ಕೈಸೇರಿದ ಕುದುರೆಗಳು ಹಸಿವು, ಬಳಲಿಕೆ, ರೋಗಗಳಿಂದ ದಾರಿಯುದ್ದಕ್ಕೂ ಕುಸಿದುಬಿದ್ದವು. ಕುದುರೆಗಳನ್ನು ಒದಗಿಸುವ ಇಲಾಖೆ ಒಂದು, ಚಿಕಿತ್ಸೆ ಮಾಡುವ ಇಲಾಖೆ ಮತ್ತೊಂದು. ಇವೆರಡರ ನಡುವೆ ಐಕಮತ್ಯವಿರಲಿಲ್ಲ. ರೋಗ ತಗುಲಿದ ಕುದುರೆಗಳೂ ಆರೋಗ್ಯವಾಗಿದ್ದವೂ ಒಂದೇ ಡಿಪೋದ ಒಂದೇ ತೊಟ್ಟಿಯಲ್ಲಿ ನೀರು ಕುಡಿದವು. ಗ್ಲಾಂಡರ್ಸ್ ರೋಗವು ಡಿಪೋಗಳಿಂದ ದಳಗಳಿಗೆ ಹೊಸ ಕುದುರೆಗಳ ಜೊತೆಯಲ್ಲಿಯೇ ಸಾಗಿತು. ಇದನ್ನು ಕಣ್ಣಾರೆ ಕಂಡ ಪಶುವೈದ್ಯರಿಗೆ ಹೇಳುವ ಜ್ಞಾನವಿದ್ದಿತು, ತಡೆಯುವ ಅಧಿಕಾರವಿರಲಿಲ್ಲ. ಅವರಲ್ಲಿ ಒಬ್ಬರಾದ ಫ್ರೆಡರಿಕ್ ಸ್ಮಿತ್ ಮುಂದೆ ಆ ಯುದ್ಧದ ಪಶುವೈದ್ಯ ಚರಿತ್ರೆಯನ್ನು ಬರೆದು ಈ ಆಡಳಿತದೋಷಗಳನ್ನೆಲ್ಲ ದಾಖಲಿಸಿದರು.

ಮುಂದಿನ ಮಹಾಯುದ್ಧದ ವೇಳೆಗೆ ಪಾಠ ಕಲಿತಾಗಿದ್ದಿತು. ಸೇನಾ ಡಿವಿಜನ್ನಿಗೆ ಒಂದರಂತೆ ಸಂಚಾರಿ ಪಶುವೈದ್ಯ ವಿಭಾಗವನ್ನು ನೇಮಿಸಿ, ಗಾಯಗೊಂಡ ಪ್ರಾಣಿಯನ್ನು ದಳದಿಂದ ಕೂಡಲೇ ಬೇರ್ಪಡಿಸಿ ಹಿಂದಣ ಆಸ್ಪತ್ರೆಗಳಿಗೆ ಸಾಗಿಸುವ ಕ್ರಮವನ್ನು ಏರ್ಪಡಿಸಿದರು. ಪಶುವೈದ್ಯಸೇವೆಯ ನಿರ್ದೇಶಕನಿಗೆ ಪ್ರಧಾನ ಕಾರ್ಯಸ್ಥಾನದಲ್ಲಿ ಸ್ಥಾನ ದೊರೆಯಿತು. ಆ ಆಸ್ಪತ್ರೆಗಳನ್ನು ಸೇರಿದ ಸುಮಾರು 25 ಲಕ್ಷ ಪ್ರಾಣಿಗಳಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಮರಳಿ ಸೇವೆಗೆ ಬಂದವು. ಚಿಕಿತ್ಸಾಶಾಸ್ತ್ರವು ಹನ್ನೆರಡು ವರ್ಷಗಳಲ್ಲಿ ಅಷ್ಟೊಂದು ಮುಂದುವರಿದಿದ್ದಿಲ್ಲ, ಮುಂದುವರಿದದ್ದು ವ್ಯವಸ್ಥೆ.

ಇಂದು ನಮ್ಮಲ್ಲಿ ಈ ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ಎದುರಾಗುವುದು ಶ್ವಾನದಳಗಳಲ್ಲಿ. ಮೀರತ್ತಿನ ಕೇಂದ್ರದಲ್ಲಿ ತನ್ನ ನಡೆಸುಗನೊಡನೆ ತರಬೇತಿ ಪಡೆದ ನಾಯಿಯು ಕಾಶ್ಮೀರದಲ್ಲಿ ಕಾರ್ಯಾಚರಣೆಗೆ ಇಳಿದಾಗ ದುಡಿಯುವುದು ಅನ್ಯ ಘಟಕದ ಅಧಿಕಾರಿಯ ಆಜ್ಞೆಯಲ್ಲಿ. ಆ ಅಧಿಕಾರಿಗೆ ಶತ್ರುವಿನ ಪರಿಚಯ ಚೆನ್ನಾಗಿರುತ್ತದೆ, ನಾಯಿಯದು ಅಷ್ಟಾಗಿ ಇರಲಾರದು. ಬಿಸಿಲಿನಲ್ಲಿ ದಾರಿಯುದ್ದಕ್ಕೂ ಸ್ಫೋಟಕ ಹುಡುಕುತ್ತ ಬಂದ ನಾಯಿ ಬಾಯಿ ತೆರೆದು ನಾಲಿಗೆ ಜೋಲಿಬಿಟ್ಟು ಏದುತ್ತಿದ್ದರೆ, ಅದು ಮೈಯನ್ನು ತಣಿಸಿಕೊಳ್ಳುತ್ತಿದೆಯೆಂದರ್ಥ; ಏದುವ ನಾಯಿಯ ಮೂಗು ಮೂಸುವ ಕೆಲಸವನ್ನು ಸರಿಯಾಗಿ ಮಾಡಲಾರದು. ನಡೆಸುಗನು ವಿಶ್ರಾಂತಿ ಬೇಡುತ್ತಾನೆ. ಕತ್ತಲಾಗುವ ಮೊದಲು ರಸ್ತೆಯನ್ನು ತೆರವುಗೊಳಿಸಬೇಕಾದ ಅಧಿಕಾರಿ ಇನ್ನೂ ಒಂದು ಮೈಲಿ ಎನ್ನುತ್ತಾನೆ. ಆ ಒಂದು ಮೈಲಿಯನ್ನು ನಾಯಿ ನಡೆದೇ ನಡೆಯುತ್ತದೆ, ಏಕೆಂದರೆ ವಿಧೇಯತೆ ಅದರ ಸ್ವಭಾವ. ಆದರೆ ಅದರ ಹಿಂದೆ ನಿಶ್ಚಿಂತೆಯಿಂದ ಹೆಜ್ಜೆಯಿಡುವ ಸೈನಿಕನಿಗೆ ಮುಂದಿನ ನೆಲ ಪರೀಕ್ಷಿತವಾಗಿಲ್ಲವೆಂಬುದು ತಿಳಿಯದು.

ಗಾಯಾಳುವಿನ ಸಾಗಣೆಯೂ ಹೀಗೆಯೇ. 2022ರ ಅಕ್ಟೋಬರಿನಲ್ಲಿ ಅನಂತನಾಗ್ ಜಿಲ್ಲೆಯ ಕಾಳಗದಲ್ಲಿ ಗುಂಡೇಟು ತಿಂದ ‘ಜೂಮ್’ ಎಂಬ ನಾಯಿಯನ್ನು ಶ್ರೀನಗರದ ಸೇನಾ ಪಶು ಆಸ್ಪತ್ರೆಗೆ ಸೇರಿಸಿದರು. ಅದು 13ರಂದು ಪ್ರಾಣ ಬಿಟ್ಟಿತು. ಇಂಥ ಪ್ರಸಂಗಗಳಲ್ಲಿ ಶಸ್ತ್ರವೈದ್ಯನ ಕೌಶಲ ಆರಂಭವಾಗುವುದು ಪ್ರಾಣಿಯು ಮೇಜಿನ ಮೇಲೆ ಬಂದಮೇಲೆ. ಅದಕ್ಕೆ ಮುಂಚಿನ ಘಳಿಗೆಗಳು, ವಾಹನ, ದಾರಿ, ಇವೆಲ್ಲ ಅನ್ಯರ ಅಧೀನ. ಆದುದರಿಂದ ಕಾರ್ಯಾಚರಣೆಯ ಯೋಜನೆ ಸಿದ್ಧವಾಗುವ ಮೇಜಿನ ಬಳಿಯೇ ಪಶುವೈದ್ಯಾಧಿಕಾರಿಗೆ ಆಸನವಿರಬೇಕು.

ರಣರಂಗದಲ್ಲಿ ಆಜ್ಞೆ ಒಬ್ಬನದೇ ಆಗಿರಬೇಕು, ಎರಡು ನಾಲಿಗೆಗಳಿಂದ ಆಜ್ಞೆ ಹೊರಟರೆ ಸೈನ್ಯ ಕೆಡುತ್ತದೆಂಬ ಆಕ್ಷೇಪಣೆ ಹಗುರವಾದುದಲ್ಲ. ಶತ್ರು ಬಾಗಿಲಿಗೆ ಬಂದಾಗ ಹುಣ್ಣಾದ ಹೇಸರಗತ್ತೆಯ ಮೇಲೂ ಮದ್ದುಗುಂಡು ಹೇರಬೇಕಾಗಬಹುದು. ಆ ನಿರ್ಣಯ ಸೇನಾನಾಯಕನದೇ. ನಾನು ಬೇಡುವುದು ಇಷ್ಟೆ: ಅನರ್ಹವೆಂದು ವೈದ್ಯನು ಹೇಳಿದ ಪ್ರಾಣಿಯನ್ನು ದುಡಿಸುವವನು ತನ್ನ ಹೆಸರಿನಲ್ಲಿ, ಬರಹದಲ್ಲಿ, ಕಾರಣಸಮೇತವಾಗಿ ದುಡಿಸಲಿ. ಸಾಂಕ್ರಾಮಿಕ ರೋಗದ ಶಂಕೆಯಿರುವಾಗ ಮಾತ್ರ ಈ ವಿನಾಯಿತಿಯೂ ಬೇಡ. ಅಲ್ಲಿ ಪಶುವೈದ್ಯನ ಮಾತೇ ಕೊನೆಯದಾಗಬೇಕು.

ಡ್ರೋನುಗಳೂ ಯಾಂತ್ರಿಕ ಹೇಸರಗತ್ತೆಗಳೂ ಬರುತ್ತಿರುವ ಈ ದಿನಗಳಲ್ಲಿ ಪ್ರಾಣಿಗಳ ಸಂಖ್ಯೆ ಇಳಿಯುವುದು ನಿಶ್ಚಯ. ಅದರೊಡನೆ ಪಶುವೈದ್ಯ ಘಟಕಗಳನ್ನೂ ಅದೇ ಪ್ರಮಾಣದಲ್ಲಿ ಇಳಿಸಬಹುದೆಂಬ ವಾದವು ಏಳುವುದು ಸಹಜ. ಉಳಿಯುವ ಪ್ರಾಣಿಗಳು ಚದುರಿದಷ್ಟೂ ಅವುಗಳನ್ನು ನೋಡಿಕೊಳ್ಳುವ ವೈದ್ಯನ ಹೊಣೆ ಹಿಗ್ಗುತ್ತದೆಂಬುದನ್ನು ಆ ವಾದ ಮರೆಯುತ್ತದೆ. ಇಂಥ ಆತುರದ ಕಡಿತದ ಫಲವನ್ನು ನಮ್ಮ ನಾಡು ಹಿಂದೆಯೇ ಕಂಡಿದೆ. ಹೈದರ್ ಟಿಪ್ಪುಗಳ ಸೈನ್ಯಕ್ಕೆ ವೇಗವನ್ನು ಕೊಟ್ಟಿದ್ದ ನಮ್ಮ ಅಮೃತಮಹಲ್ ಎತ್ತುಗಳ ಸಂಸ್ಥೆಯನ್ನು 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಬ್ರಿಟಿಷರು ಮುಚ್ಚಿ ಹಿಂಡುಗಳನ್ನು ಮಾರಿಬಿಟ್ಟರು. ಆರೇ ವರ್ಷಗಳಲ್ಲಿ, 1866ರಲ್ಲಿ, ಅದನ್ನು ಮತ್ತೆ ಕಟ್ಟಬೇಕಾಯಿತು.