ಪಾಸ್‌ಪೋರ್ಟ್ ಕೌಂಟರ್‌ನಲ್ಲಿ ತಡವರಿಸಿದರೆ ಅರ್ಜಿ ತಿರಸ್ಕಾರವಾಗುತ್ತದೆಯೇ?

‘ಪಾಸ್‌ಪೋರ್ಟ್ ಇಂಟರ್‌ವ್ಯೂನಲ್ಲಿ ಕೇಳುವ 25 ಪ್ರಶ್ನೆಗಳು. ಉತ್ತರ ಹೇಳುವಾಗ ತಡವರಿಸಿದರೆ ರಿಜೆಕ್ಟ್! ಎಲ್ಲರಿಗೂ ಕಳಿಸಿ.’

ಇಂಥದ್ದೊಂದು ಫಾರ್ವರ್ಡ್ ನಮ್ಮ ಪರಿಚಯದ ಮಹಿಳೆಯೊಬ್ಬರ ಫೋನಿಗೂ ಬಂದಿತ್ತು. ಅವರಿಗೆ 58 ವರ್ಷ. ಹಾಸನ ಜಿಲ್ಲೆಯ ಹಳ್ಳಿಯವರು. ಹೊರದೇಶದಲ್ಲಿರುವ ಮಗಳ ಬಾಣಂತನಕ್ಕೆ ಹೋಗಬೇಕು, ಅದಕ್ಕಾಗಿ ಮೊದಲ ಸಲ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದ್ದರು. ಆ ಸಂದೇಶ ಓದಿದ ಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲವಂತೆ. ‘ನಾನು ಹುಟ್ಟಿದ್ದು ಯುಗಾದಿ ಕಳೆದು ಎಂಟು ದಿನಕ್ಕೆ ಅಂತ ನಮ್ಮಮ್ಮ ಹೇಳ್ತಿದ್ರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ ಒಂದು ಅಂತ ಬರೆದುಬಿಟ್ಟರು. ನಿಜವಾದ ತಾರೀಕು ಯಾವುದು ಅಂತ ಕೇಳಿದ್ರೆ ಏನು ಹೇಳ್ಲಿ?’ ಎಂಬುದು ಅವರ ಪ್ರಶ್ನೆ.

ಇದು ಅವರೊಬ್ಬರ ಭಯವಲ್ಲ. ಹಾಗಾಗಿ ಈ ಫಾರ್ವರ್ಡ್‌ನಲ್ಲಿ ಎಷ್ಟು ನಿಜವಿದೆ, ಎಷ್ಟು ಸುಳ್ಳಿದೆ ಎಂದು ನೋಡೋಣ.

ಅಲ್ಲಿ ನಡೆಯುವುದೇನು?

ಮೊದಲಿಗೆ, ನಮ್ಮ ದೇಶದಲ್ಲಿ ಸಾಮಾನ್ಯ ಪಾಸ್‌ಪೋರ್ಟ್ ಅರ್ಜಿಗೆ ಪರೀಕ್ಷೆಯಂಥ ಸಂದರ್ಶನವಿಲ್ಲ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಎ, ಬಿ, ಸಿ ಎಂಬ ಮೂರು ಕೌಂಟರ್‌ಗಳಿರುತ್ತವೆ. ಎ ಕೌಂಟರ್‌ನಲ್ಲಿ ಫೋಟೋ, ಬೆರಳಚ್ಚು ತೆಗೆದುಕೊಂಡು ದಾಖಲೆ ಸ್ಕ್ಯಾನ್ ಮಾಡುತ್ತಾರೆ. ಬಿ ಕೌಂಟರ್‌ನ ಅಧಿಕಾರಿ ಮೂಲ ದಾಖಲೆಗಳನ್ನು ಅರ್ಜಿಯೊಂದಿಗೆ ತಾಳೆ ನೋಡುತ್ತಾರೆ. ಸಿ ಕೌಂಟರ್‌ನಲ್ಲಿ ಮುಂದಿನ ತೀರ್ಮಾನ. ಪ್ರಶ್ನೆ ಕೇಳಿದರೂ ಅವು ಸಾಮಾನ್ಯವಾಗಿ ಅರ್ಜಿಯಲ್ಲಿ ನೀವೇ ತುಂಬಿದ ಸಂಗತಿಗಳ ಬಗ್ಗೆಯೇ: ಹೆಸರು, ಹುಟ್ಟಿದ ತಾರೀಕು, ತಂದೆ ತಾಯಿ, ಈಗಿನ ವಿಳಾಸ.

ಆಮೇಲೆ ಪೊಲೀಸ್ ಪರಿಶೀಲನೆ. ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣಗಳಿವೆಯೇ, ಪೌರತ್ವದ ಬಗ್ಗೆ ಅನುಮಾನವಿದೆಯೇ ಎಂಬುದು ಇಲ್ಲಿನ ಮುಖ್ಯ ವಿಷಯ. ಇದಕ್ಕೆ ಅರ್ಜಿದಾರರು ಪ್ರತ್ಯೇಕ ಶುಲ್ಕ ಕೊಡಬೇಕಿಲ್ಲ. ವಯಸ್ಕರ 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ ಕಟ್ಟುವ 1,500 ರೂಪಾಯಿಯಲ್ಲೇ ಅದೂ ಸೇರಿದೆ.

ಹಾಗಾದರೆ ಪ್ರಶ್ನೆಗಳೇ ಏಕೆ ಬೇಕು?

ಫೋಟೋ ನೋಡಿದರೆ ಸಾಲದೇ ಎಂದು ನಿಮಗೆ ಅನಿಸಬಹುದು. ಸಾಲದು. 2014ರಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಅಧಿಕಾರಿಗಳನ್ನೇ ಬಳಸಿ ನಡೆಸಿದ ಅಧ್ಯಯನವೊಂದಿದೆ. ಎದುರಿಗಿರುವ ವ್ಯಕ್ತಿಯದ್ದಲ್ಲದ ಫೋಟೋ ತೋರಿಸಿದಾಗ ಶೇ 14ರಷ್ಟು ಬಾರಿ ಅವರು ‘ಇದು ಇವರದೇ’ ಎಂದು ಒಪ್ಪಿಕೊಂಡರು. ಅದೇ ಕೆಲಸದಲ್ಲಿ ಪಳಗಿದವರೂ ಅಪರಿಚಿತ ಮುಖಗಳ ವಿಚಾರದಲ್ಲಿ ಎಡವುತ್ತಾರೆ.

ಬ್ರಿಟನ್‌ನಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಸಂದರ್ಶನವಿದೆ. ಬೇರೆಯವರ, ಕೆಲವೊಮ್ಮೆ ಸತ್ತವರ ಹೆಸರಿನಲ್ಲೂ ಪಾಸ್‌ಪೋರ್ಟ್ ಪಡೆಯುವ ವಂಚನೆ ತಡೆಯಲು, ಮೊದಲ ಸಲ ವಯಸ್ಕರ ಪಾಸ್‌ಪೋರ್ಟ್ ಕೇಳುವವರಿಗೆ 2007ರಲ್ಲಿ ಅದನ್ನು ಶುರು ಮಾಡಿದರು. ಅಲ್ಲಿ ಪೌರತ್ವ ಪಡೆದ ಕನ್ನಡಿಗರನ್ನೂ ಹೀಗೆ ಕರೆಯಬಹುದು. ಅಲ್ಲಿಯೂ ಉದ್ದೇಶ ಒಂದೇ: ಕಾಗದದಲ್ಲಿರುವ ವ್ಯಕ್ತಿಯೇ ಮುಂದಿರುವ ವ್ಯಕ್ತಿಯೇ ಎಂದು ಖಚಿತಪಡಿಸಿಕೊಳ್ಳುವುದು. ನಿಮ್ಮ ಜಾಣತನವನ್ನಾಗಲೀ ನೆನಪಿನ ಶಕ್ತಿಯನ್ನಾಗಲೀ ಅಳೆಯುವುದಲ್ಲ.

ಗೊತ್ತಿದ್ದ ಉತ್ತರವೇ ಮರೆತುಹೋಗುವುದೇಕೆ?

ಮನೆಯ ಪಿನ್‌ಕೋಡ್ ಇಪ್ಪತ್ತು ವರ್ಷದಿಂದ ಬಾಯಲ್ಲಿದೆ. ಕೌಂಟರ್ ಮುಂದೆ ಕೂತರೆ ಮಾತ್ರ ಬರುವುದಿಲ್ಲ. ಇದಕ್ಕೆ ಕಾರಣ ನಮ್ಮ ದೇಹದಲ್ಲೇ ಇದೆ.

ಯಾರೋ ನಮ್ಮನ್ನು ಅಳೆಯುತ್ತಿದ್ದಾರೆ, ಫಲಿತಾಂಶ ನಮ್ಮ ಕೈಯಲ್ಲಿಲ್ಲ ಎಂದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸುತ್ತವೆ. 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸುವ ವಿಧಾನವೊಂದನ್ನು ಪ್ರಕಟಿಸಿದರು. ಕೆಲವು ಅಪರಿಚಿತರ ಮುಂದೆ ನಿಂತು ಭಾಷಣ ಮಾಡಬೇಕು, ಮನಸ್ಸಿನಲ್ಲೇ ಲೆಕ್ಕ ಮಾಡಿ ಹೇಳಬೇಕು. ಅಷ್ಟಕ್ಕೇ ಹೆಚ್ಚಿನವರ ಕಾರ್ಟಿಸಾಲ್ ಗಣನೀಯವಾಗಿ ಏರುತ್ತದೆ.

2000ದಲ್ಲಿ ಸ್ವಿಟ್ಜರ್ಲೆಂಡ್‌ನ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಿಂದಿನ ದಿನ ಪದಗಳ ಪಟ್ಟಿ ಕಲಿತವರಿಗೆ, ಅದನ್ನು ನೆನಪಿಸಿಕೊಳ್ಳುವ ಸ್ವಲ್ಪ ಮೊದಲು ಕಾರ್ಟಿಸೋನ್ ಮಾತ್ರೆ ಕೊಟ್ಟರು. ಅವರಿಗೆ ನೆನಪಾದ ಪದಗಳು ಕಡಿಮೆ. ಅಂದರೆ ನೆನಪು ಅಳಿಸಿಹೋಗುವುದಿಲ್ಲ, ಆ ಕ್ಷಣಕ್ಕೆ ಕೈಗೆ ಸಿಗುವುದಿಲ್ಲ ಅಷ್ಟೇ. ಹೊರಗೆ ಬಂದು ಒಂದು ಕಾಫಿ ಕುಡಿದ ಮೇಲೆ ಎಲ್ಲವೂ ನೆನಪಾಗುವುದು ಇದಕ್ಕೇ.

ತಡವರಿಸುವವರು ಸುಳ್ಳು ಹೇಳುತ್ತಿದ್ದಾರೆಯೇ?

ಕಣ್ಣಿಗೆ ಕಣ್ಣಿಟ್ಟು ನೋಡದವರು, ಬೆವರುವವರು, ತೊದಲುವವರು ಸುಳ್ಳುಗಾರರು ಎಂಬ ನಂಬಿಕೆ ಬಹಳ ಹಳೆಯದು. ವಿಜ್ಞಾನ ಇದನ್ನು ಒಪ್ಪುವುದಿಲ್ಲ. 2006ರಲ್ಲಿ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಜನ ಸುಳ್ಳು, ನಿಜಗಳನ್ನು ಸರಿಯಾಗಿ ಗುರುತಿಸಿದ್ದು ಸರಾಸರಿ ಶೇ 54ರಷ್ಟು ಬಾರಿ ಮಾತ್ರ. ನಾಣ್ಯ ಚಿಮ್ಮಿ ಹೇಳಿದರೂ ಶೇ 50 ಸರಿಯಾಗುತ್ತಿತ್ತು!

ಸತ್ಯವಂತರ ಭಯವನ್ನು ಸುಳ್ಳಿನ ಲಕ್ಷಣವೆಂದು ತಪ್ಪು ತಿಳಿಯುವುದನ್ನು ಮನೋವಿಜ್ಞಾನಿ ಪಾಲ್ ಎಕ್ಮನ್ ‘ಒಥೆಲ್ಲೊ ತಪ್ಪು’ ಎಂದು ಕರೆದರು. ಷೇಕ್ಸ್‌ಪಿಯರ್ ನಾಟಕದ ಒಥೆಲ್ಲೊ ಹೆಂಡತಿಯ ಹೆದರಿಕೆಯನ್ನು ದ್ರೋಹದ ಸಾಕ್ಷಿ ಎಂದುಕೊಂಡು ಅವಳನ್ನು ಕೊಂದ. ಅವಳು ಹೆದರಿದ್ದು ತನ್ನ ಮಾತನ್ನು ಅವನು ನಂಬುತ್ತಿಲ್ಲ ಎಂಬ ಕಾರಣಕ್ಕೆ.

ನಿಜವಾದ ತೊಡಕು ಎಲ್ಲಿದೆ?

ನಮ್ಮ ಕಡೆ ಅರ್ಜಿಗಳು ಸಿಕ್ಕಿಬೀಳುವುದು ಹೆಚ್ಚಾಗಿ ದಾಖಲೆಗಳು ಒಂದಕ್ಕೊಂದು ತಾಳೆಯಾಗದಾಗ. ಎರಡು ವಿಷಯ ಗಮನಿಸಿ.

ಒಂದು, ಇನಿಷಿಯಲ್. ನಮ್ಮಲ್ಲಿ ಊರು, ತಂದೆಯ ಹೆಸರು ಎಲ್ಲವೂ ಎರಡು ಅಕ್ಷರದಲ್ಲಿ ಅಡಗಿರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಆಧಾರ್‌ನಲ್ಲಿ ಒಂದು ರೀತಿ, ಪ್ಯಾನ್‌ನಲ್ಲಿ ಇನ್ನೊಂದು ರೀತಿ ಇದ್ದರೆ ಅಲ್ಲಿ ತಡೆ ಬೀಳುತ್ತದೆ.

ಎರಡು, ಹುಟ್ಟಿದ ತಾರೀಕು. ಶಾಲೆ ಶುರುವಾಗುವ ದಿನಕ್ಕೆ ವಯಸ್ಸು ತುಂಬಿರಲಿ ಎಂದು ಮೇಷ್ಟ್ರು ಬರೆದ ‘ಜೂನ್ 1’ ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಜನರ ಅಧಿಕೃತ ಹುಟ್ಟುಹಬ್ಬ. ಅದು ನಿಮ್ಮ ತಪ್ಪಲ್ಲ. ಎಲ್ಲ ದಾಖಲೆಗಳಲ್ಲೂ ಅದೇ ತಾರೀಕು ಇದ್ದರೆ ಕೌಂಟರ್‌ನಲ್ಲಿ ಅದನ್ನೇ ಹೇಳಿ. ದಾಖಲೆಗಳಲ್ಲಿ ಬೇರೆ ಬೇರೆ ಇದ್ದರೆ ಅರ್ಜಿ ಹಾಕುವ ಮೊದಲೇ ಸರಿಪಡಿಸಿಕೊಳ್ಳಿ. ಆಧಾರ್‌ನಲ್ಲಿ ಹುಟ್ಟಿದ ತಾರೀಕು ಬದಲಿಸಲು ಸಾಮಾನ್ಯವಾಗಿ ಒಂದೇ ಅವಕಾಶ. ಹಾಗಾಗಿ ಅವಸರ ಬೇಡ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿದಿರಿ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ 2 ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇರುವುದು ಪಾಸ್‌ಪೋರ್ಟ್ ಪಡೆಯಲು ಗೊತ್ತಿದ್ದೂ ಸುಳ್ಳು ಮಾಹಿತಿ ಕೊಟ್ಟವರಿಗೆ, ಮುಖ್ಯ ಮಾಹಿತಿ ಮುಚ್ಚಿಟ್ಟವರಿಗೆ. ತಡವರಿಸಿದವರಿಗಲ್ಲ. ದಾಖಲೆ ಕಡಿಮೆಯಾದರೆ ಅರ್ಜಿಯನ್ನು ತಡೆಹಿಡಿಯುತ್ತಾರೆ, ಅದು ತಿರಸ್ಕಾರವಲ್ಲ. ಬೇಕಾದ ದಾಖಲೆಯೊಂದಿಗೆ ಮತ್ತೆ ಹೋಗಬಹುದು. ಅರ್ಜಿ ನಿರಾಕರಿಸಿದರೆ, ದೇಶದ ಭದ್ರತೆಯಂಥ ಕೆಲವು ಸಂದರ್ಭ ಬಿಟ್ಟು, ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬಹುದು. ಸಾಮಾನ್ಯವಾಗಿ ಮೇಲ್ಮನವಿಗೂ ಅವಕಾಶವಿದೆ.

ಹಾಗಾದರೆ ಏನು ಮಾಡಬೇಕು?

25 ಪ್ರಶ್ನೆ ಉರುಹೊಡೆಯಬೇಡಿ. ಉರುಹೊಡೆದದ್ದೂ ಒತ್ತಡದಲ್ಲಿ ಕೈಕೊಡಬಹುದು. ತುಂಬಿದ ಅರ್ಜಿಯ ಪ್ರತಿಯನ್ನು ಹಿಂದಿನ ದಿನ ಒಮ್ಮೆ ಓದಿ, ಜೊತೆಗೆ ಇಟ್ಟುಕೊಳ್ಳಿ. ಪ್ರಶ್ನೆ ಅರ್ಥವಾಗದಿದ್ದರೆ ‘ಇನ್ನೊಮ್ಮೆ ಹೇಳಿ’ ಎನ್ನಿ. ನೆನಪಾಗದಿದ್ದರೆ ಊಹಿಸಿ ಹೇಳಬೇಡಿ, ‘ಒಂದು ನಿಮಿಷ, ನೋಡಿ ಹೇಳುತ್ತೇನೆ’ ಎನ್ನಿ. ‘ಇಂಟರ್‌ವ್ಯೂ ಇಲ್ಲದೆ ಮಾಡಿಸಿಕೊಡುತ್ತೇವೆ’ ಎನ್ನುವ ಏಜೆಂಟರಿಗೂ ನಕಲಿ ಜಾಲತಾಣಗಳಿಗೂ ಬಂಡವಾಳ ನಿಮ್ಮ ಈ ಭಯವೇ. ಅರ್ಜಿ ಹಾಕುವಾಗ ವಿದೇಶಾಂಗ ಸಚಿವಾಲಯದ ಅಧಿಕೃತ ಜಾಲತಾಣವನ್ನೇ ಬಳಸಿ.

ನಮ್ಮ ಪರಿಚಯದ ಆ ತಾಯಿಯ ವಿಷಯಕ್ಕೆ ಬರೋಣ. ಕೌಂಟರ್‌ನಲ್ಲಿ ಅವರಿಗೆ ಹುಟ್ಟಿದ ತಾರೀಕು ಸರಿಯಾಗಿಯೇ ಬಂತು, ಪಿನ್‌ಕೋಡ್ ಮರೆತುಹೋಯಿತು. ‘ಪರವಾಗಿಲ್ಲಮ್ಮ, ಆಧಾರ್ ನೋಡಿ ಹೇಳಿ’ ಎಂದರಂತೆ ಅಧಿಕಾರಿ. ಶಾಲೆಯ ಟಿ.ಸಿ.ಯಲ್ಲೂ ಆಧಾರ್‌ನಲ್ಲೂ ಜೂನ್ 1 ಎಂದೇ ಇತ್ತು, ಅಷ್ಟು ಸಾಕಾಯಿತು. ಪಾಸ್‌ಪೋರ್ಟ್ ಅಂಚೆಯಲ್ಲಿ ಮನೆಗೆ ಬಂತು.

ನಿಮ್ಮ ಮನೆಯಲ್ಲೂ ಮೊದಲ ಸಲ ಅರ್ಜಿ ಹಾಕುವ ಅಮ್ಮ, ಅಪ್ಪ, ಅತ್ತೆ, ಮಾವ ಇರಬಹುದು. ಆ 25 ಪ್ರಶ್ನೆಗಳ ಬದಲು ಇದನ್ನು ಅವರಿಗೆ ಕಳಿಸಿ. ಸಾಧ್ಯವಾದರೆ ಒಂದು ಸಂಜೆ ಪಕ್ಕದಲ್ಲಿ ಕೂತು ಅವರ ದಾಖಲೆಗಳನ್ನು ಒಮ್ಮೆ ತಾಳೆ ನೋಡಿ.