ಒಣಗಿಸದೆ ಕರಗಿಸಿದ ಪ್ಲಾಸ್ಟಿಕ್

ಹೆಲ್ಮೆಟ್ಟಿನ ಮುಂದಿನ ಪರದೆ, ವಿದ್ಯುತ್ ಮೀಟರಿನ ಪಾರದರ್ಶಕ ಮುಚ್ಚಳ, ಎಲ್‌ಇಡಿ ದೀಪದ ಕವಚ ಇವೆಲ್ಲ ಹಲವು ಕಡೆ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನವು. ಪೆಟ್ಟು ತಾಳುತ್ತದೆ ಎಂದೇ ಅದನ್ನು ಆರಿಸುತ್ತಾರೆ. ಹಾಗಿದ್ದೂ ಹೊಚ್ಚಹೊಸ ಮುಚ್ಚಳವೊಂದು ಸ್ಕ್ರೂ ಬಿಗಿಯುವಾಗಲೇ ಸೀಳಿಬಿಡುವುದುಂಟು. ನಾವು ಮಾಲು ಕಳಪೆ ಎಂದುಬಿಡುತ್ತೇವೆ. ಮಾಲು ಒಳ್ಳೆಯದೇ ಇದ್ದು, ಕರಗಿಸುವ ಮೊದಲು ಅದನ್ನು ಸರಿಯಾಗಿ ಒಣಗಿಸಿರಲಿಲ್ಲ ಎಂಬುದೂ ಕಾರಣವಿರಬಹುದು.

ಕಾರ್ಖಾನೆಗೆ ಪ್ಲಾಸ್ಟಿಕ್ ಬರುವುದು 25 ಕಿಲೋ ಚೀಲಗಳಲ್ಲಿ, ಸಣ್ಣ ಕಾಳುಗಳಾಗಿ. ಮುಟ್ಟಿದರೆ ಒಣಗಿದಂತೆಯೇ ಇರುತ್ತವೆ. ಆದರೆ ಪಾಲಿಕಾರ್ಬೊನೇಟ್, ನೈಲಾನ್, ಪೆಟ್, ಎಬಿಎಸ್ ಮುಂತಾದವು ಗಾಳಿಯ ತೇವವನ್ನು ಕಾಳಿನ ಒಡಲೊಳಕ್ಕೇ ಹೀರುತ್ತವೆ. ಬಕೆಟ್ಟು, ಕುರ್ಚಿಗೆ ಬಳಸುವ ಪಾಲಿಪ್ರೊಪಿಲೀನಿಗೆ ಈ ಗುಣ ಇಲ್ಲವೆನ್ನುವಷ್ಟು ಕಡಿಮೆ. ತೆರೆದಿಟ್ಟ ಪಾಲಿಕಾರ್ಬೊನೇಟ್ ಕಾಳಿನಲ್ಲಿ ಸುಮಾರು ಶೇ 0.15ರಷ್ಟು ನೀರು ಸೇರಿಕೊಳ್ಳುತ್ತದೆ. ಅಚ್ಚಿಗೆ ಹಾಕುವಾಗ ಶೇ 0.02ಕ್ಕಿಂತ ಹೆಚ್ಚಿರಬಾರದು. ಇಡೀ ಚೀಲಕ್ಕೆ ಲೆಕ್ಕ ಹಾಕಿದರೆ ಆ ಮಿತಿ ಬರೀ 5 ಗ್ರಾಂ, ಒಂದು ಚಮಚ ನೀರು.

ಇಷ್ಟು ಕಡಿಮೆ ನೀರು ಏನು ಮಾಡೀತು? ಕಾಳು ಕರಗಿಸಿ ಅಚ್ಚಿಗೆ ತುಂಬುವ ಯಂತ್ರದ ಬ್ಯಾರೆಲ್ಲಿನಲ್ಲಿ ಪಾಲಿಕಾರ್ಬೊನೇಟ್ ಕರಗುವುದು 280ರಿಂದ 320 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಅಲ್ಲಿ ಆವಿಯಾದ ನೀರು ಅಚ್ಚಿನೊಳಗೆ ಒತ್ತಡ ತಗ್ಗಿದಾಗ ಗುಳ್ಳೆಯೊಡೆದು, ಮೇಲ್ಮೈಯಲ್ಲಿ ಬೆಳ್ಳಿಗೆರೆಗಳನ್ನು ಎಳೆಯುತ್ತದೆ. ಇದು ಕಣ್ಣಿಗೆ ಕಾಣುವ ದೋಷ. ಅಂಥ ಭಾಗವನ್ನು ಯಂತ್ರದ ಬಳಿಯೇ ಆರಿಸಿ ಎಸೆಯಬಹುದು. ನನಗೆ ಹೆಚ್ಚು ಆತಂಕದ್ದೆನಿಸುವುದು ಇನ್ನೊಂದು. ಪ್ಲಾಸ್ಟಿಕ್ಕಿನ ಗಟ್ಟಿತನವಿರುವುದು ಅದರ ಅಣುಗಳ ಉದ್ದನೆಯ ಸರಪಳಿಯಲ್ಲಿ. ಆ ಶಾಖದಲ್ಲಿ ನೀರು ಸರಪಳಿಯ ಕೊಂಡಿಗಳನ್ನೇ ಕಡಿಯುತ್ತದೆ. ಸರಪಳಿ ತುಂಡಾಗಿದ್ದರೂ ಭಾಗ ಕೆಲವೊಮ್ಮೆ ನುಣುಪಾಗಿ, ಸ್ವಚ್ಛವಾಗಿ, ಅಳತೆಗೆ ಸರಿಯಾಗಿ ಹೊರಬರುತ್ತದೆ. ಆದರೆ ಪೆಟ್ಟು ತಾಳುವ ಶಕ್ತಿ ಹೋಗಿರುತ್ತದೆ. ಆಮೇಲೆ ಎಷ್ಟು ಒಣಗಿಸಿದರೂ ಅದು ಮರಳುವುದಿಲ್ಲ. ಅಂಥ ಭಾಗವನ್ನು ಪುಡಿಮಾಡಿ ಹೊಸ ಮಾಲಿಗೆ ಬೆರೆಸಿದರೆ ಮುಂದಿನ ಭಾಗಕ್ಕೂ ಆ ದೌರ್ಬಲ್ಯ ದಾಟುತ್ತದೆ.

ಪಾಲಿಕಾರ್ಬೊನೇಟನ್ನು 120 ಡಿಗ್ರಿಯಲ್ಲಿ ಮೂರ್ನಾಲ್ಕು ಗಂಟೆ ಒಣಗಿಸಬೇಕು. ಶಾಖವೊಂದೇ ಸಾಲದು, ಗಾಳಿಯೂ ಒಣಗಿರಬೇಕು. ಮಳೆಗಾಲದಲ್ಲಿ ಹಗ್ಗದ ಮೇಲಿನ ಬಟ್ಟೆ ಆರದಿರುವುದೂ ಇದೇ ಕಾರಣಕ್ಕೆ. ಹೊರಗಿನ ಗಾಳಿಯನ್ನೇ ಕಾಯಿಸಿ ಊದುವ ಅಗ್ಗದ ಡ್ರೈಯರ್ ಬೇಸಿಗೆಯ ಬಳ್ಳಾರಿಯಲ್ಲಿ ಮಾಡಿದ ಕೆಲಸವನ್ನು ಜುಲೈ ತಿಂಗಳ ಮಂಗಳೂರಿನಲ್ಲಿ ಮಾಡಲಾರದು. ಗಾಳಿಯ ತೇವವನ್ನು ಮೊದಲೇ ಹೀರಿ ತೆಗೆಯುವ ಡೆಸಿಕಂಟ್ ಡ್ರೈಯರ್, ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣತೆ) ಮೈನಸ್ 40 ಡಿಗ್ರಿಯಷ್ಟಿರುವ ಒಣಗಾಳಿ ಕೊಡುತ್ತದೆ. ಊರು, ಋತು ಯಾವುದಾದರೂ ಅದರ ಫಲಿತಾಂಶ ಹೆಚ್ಚು ಬದಲಾಗದು.

ಡ್ರೈಯರ್ ಒಳ್ಳೆಯದಿದ್ದರೂ ಕಾಳು ತುಂಬಿ ಒಣಗಿಸುವ ಹಾಪರ್ ಚಿಕ್ಕದಾದರೆ ಪ್ರಯೋಜನವಿಲ್ಲ. ಯಂತ್ರ ಗಂಟೆಗೆ 20 ಕಿಲೋ ನುಂಗುತ್ತದೆ, ನಾಲ್ಕು ಗಂಟೆ ಒಣಗಬೇಕು ಎಂದರೆ ಹಾಪರಿನಲ್ಲಿ ಸದಾ 80 ಕಿಲೋ ಇರಬೇಕು. 40 ಕಿಲೋ ಮಾತ್ರ ಹಿಡಿದರೆ ಪ್ರತಿ ಕಾಳಿಗೂ ಎರಡೇ ಗಂಟೆ ಸಿಗುತ್ತದೆ, ಬೋರ್ಡಿನ ಮೇಲೆ ಏನೇ ಬರೆದಿರಲಿ. ಡೆಲಿವರಿ ತಡವಾದ ದಿನ ಮೊದಲು ಕತ್ತರಿ ಬೀಳುವುದೂ ಈ ಒಣಗಿಸುವ ಹೊತ್ತಿಗೇ. ಪೀಣ್ಯದಂಥ ಕಡೆ ದುಡಿಯುವ ಸಣ್ಣ ಘಟಕಗಳ ಮೇಲಿನ ಒತ್ತಡ ಅರ್ಥವಾಗುವಂಥದ್ದೇ, ಆದರೆ ಉಳಿಸಿದ ಎರಡು ಗಂಟೆಯ ಬೆಲೆಯನ್ನು ಹೆಲ್ಮೆಟ್ ಹಾಕಿದವನು ತೆರಬೇಕಾಗುತ್ತದೆ.

ನೀರಿನ ಬಾಟಲಿಯ ಪೆಟ್‌ಗೆ ಮಿತಿ ಇನ್ನೂ ಬಿಗಿ, ಶೇ 0.005ರ ಆಸುಪಾಸು. ನೈಲಾನಿನ ಕತೆ ಬೇರೆ. ಅದನ್ನು ಸುಮಾರು 80 ಡಿಗ್ರಿಯಲ್ಲಿ ಶೇ 0.2ರೊಳಗೆ ತರಬೇಕು, ಬಿಸಿಗಾಳಿಯಲ್ಲಿ ಅತಿಯಾಗಿ ಕಾಯಿಸಿದರೆ ಹಳದಿಗಟ್ಟುತ್ತದೆ. ಅಚ್ಚಿನಿಂದ ಹೊರಬಂದ ಮೇಲಾದರೋ ಅದೇ ನೈಲಾನಿಗೆ ನೀರು ಬೇಕು. ತಣ್ಣಗಿರುವಾಗ ನೀರು ಸರಪಳಿಯನ್ನು ಕಡಿಯದೆ ನಡುವೆ ಸೇರಿಕೊಂಡು ಬಿಗಿತ ಸಡಿಲಿಸುತ್ತದೆ, ಭಾಗದ ತಾಳಿಕೆ ಹೆಚ್ಚುತ್ತದೆ.

ಕೊಳ್ಳುವ ಕಂಪನಿಗಳು ಬಣ್ಣ, ಅಳತೆ ನೋಡಿ ಸುಮ್ಮನಾಗಬಾರದು. ಮೆಲ್ಟ್ ಫ್ಲೋ ಇಂಡೆಕ್ಸ್ ಎಂಬ ಸರಳ ಪರೀಕ್ಷೆಯಿದೆ: ಕರಗಿದ ಪ್ಲಾಸ್ಟಿಕ್ ನಿಗದಿತ ಭಾರದಡಿ ಎಷ್ಟು ಬೇಗ ಹರಿಯುತ್ತದೆ ಎಂದು ಅಳೆಯುವುದು. ಪರೀಕ್ಷೆಗೆ ಮೊದಲು ಎರಡೂ ಮಾದರಿಗಳನ್ನು ಚೆನ್ನಾಗಿ ಒಣಗಿಸಿ, ಮೂಲ ಕಾಳಿಗಿಂತ ತಯಾರಾದ ಭಾಗ ಬಹಳ ಸಲೀಸಾಗಿ ಹರಿದರೆ ಸರಪಳಿ ತುಂಡಾಗಿದೆ ಎಂದೇ ತಿಳಿಯಬೇಕು. ಪ್ರತಿ ಬ್ಯಾಚಿನ ಜೊತೆ ಈ ಎರಡು ಅಂಕಿಗಳನ್ನೂ ಕೇಳಿ ಪಡೆಯಬೇಕು.