ಶಾನ್‌ಗೆ ಬೇಕಾದದ್ದು ಕೃಪಾಂಕವಲ್ಲ



ಮೂರು ದಶಕಗಳಿಗೂ ಮಿಗಿಲಾಗಿ ಕನ್ನಡ ಪಾಠ ಹೇಳಿದ ಈ ಮೇಷ್ಟ್ರು ಒಂದು ದಿನ ವಿಡಿಯೋ ಆಟದ ಬಗ್ಗೆ ಬರೆಯಲು ಕುಳಿತಾರೆಂದು ನಿಮ್ಮಲ್ಲಿ ಯಾರೂ ಎಣಿಸಿರಲಾರಿರಿ. ನಾನೂ ಎಣಿಸಿರಲಿಲ್ಲ. ಕಳೆದ ಬೇಸಗೆ ರಜೆಯಲ್ಲಿ ಮನೆಗೆ ಬಂದಿದ್ದ ಮೊಮ್ಮಗನೇ ಇದಕ್ಕೆ ಕಾರಣ.

ಅವನು ಆಡುತ್ತಿದ್ದುದು ‘ಸ್ಟ್ರೀಟ್ ಫೈಟರ್ ತ್ರೀ: ಥರ್ಡ್ ಸ್ಟ್ರೈಕ್’ ಎಂಬ ಆಟ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1999ರಲ್ಲಿ ಹೊರತಂದ ಈ ಆಟ ಅವನಿಗಿಂತ ವಯಸ್ಸಿನಲ್ಲಿ ಹಿರಿಯದು. ಇಬ್ಬರು ಆಟಗಾರರು ತಲಾ ಒಬ್ಬ ಹೋರಾಟಗಾರನನ್ನು ಆರಿಸಿಕೊಂಡು ಎದುರುಬದುರು ಕಾದಾಡುತ್ತಾರೆ. ನಮ್ಮವನು ಪ್ರತಿ ಸಲವೂ ಶಾನ್ ಎಂಬ ಹುಡುಗನನ್ನೇ ಆರಿಸುವುದು, ಪ್ರತಿ ಸಲವೂ ಅವನ ಗೆಳೆಯನ ಎದುರು ಸೋಲುವುದು. ನೋಡಿ ನೋಡಿ ಬೇಸರವಾಗಿ, “ಬೇರೆ ಯಾರನ್ನಾದರೂ ತೊಗೋ ಮಗು” ಎಂದೆ. “ಇವನು ಮೊದಲು ಹೀಗಿರಲಿಲ್ಲ ತಾತ, ಇವನನ್ನು ಹೀಗೆ ಮಾಡಿದ್ದಾರೆ” ಎಂದ. ಆ ಮಾತು ನನ್ನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿತು.

ಶಾನ್‌ನ ಕಥೆ ಹೀಗಿದೆ. ಅವನು ಬ್ರೆಜಿಲ್ ದೇಶದ ಹುಡುಗ. ಕೆನ್ ಎಂಬ ಹೆಸರಾಂತ ಹೋರಾಟಗಾರನ ಶಿಷ್ಯ. ಗುರುವು ಅಂಗೈಯಿಂದ ಸಲೀಸಾಗಿ ಎಸೆಯುವ ಶಕ್ತಿಗೋಲ ಈ ಶಿಷ್ಯನಿಗೆ ಸಾಮಾನ್ಯ ಹೊಡೆತವಾಗಿ ಒಲಿದಿಲ್ಲ. ವಿಶೇಷ ಬಲ ಕೂಡಿಬಂದಾಗ ಮಾತ್ರ ಅದನ್ನು ಎಸೆಯಬಲ್ಲ. ಇದೇ ಸರಣಿಯ 1997ರ ‘ಸೆಕೆಂಡ್ ಇಂಪ್ಯಾಕ್ಟ್’ ಆವೃತ್ತಿಯಲ್ಲಿ ಅವನು ಅತ್ಯಂತ ಪ್ರಬಲರ ಸಾಲಿನಲ್ಲಿದ್ದನು. ಅದು ಅತಿಯಾಯಿತೆಂದು 1999ರ ಆವೃತ್ತಿಯಲ್ಲಿ ಅವನ ಬಲವನ್ನು ಮೊಟಕುಗೊಳಿಸಿದರು. ಎಷ್ಟು ಮೊಟಕುಗೊಳಿಸಿದರೆಂದರೆ, ನುರಿತ ಆಟಗಾರರು ಬಲಾಬಲದ ಪಟ್ಟಿ ಮಾಡಿದಾಗ ಚುನ್‌ಲೀ, ಯೂನ್ ಮತ್ತು ಗುರು ಕೆನ್ ಮೇಲಿನ ಸಾಲಿನಲ್ಲಿ ಕುಳಿತರೆ, ಶಿಷ್ಯನಿಗೆ ಕೊನೆಯ ಬೆಂಚು.

ಇನ್ನೊಂದು ವಿಚಿತ್ರವನ್ನು ಹೇಳಬೇಕು. ಈ ಆಟದಲ್ಲಿ ಎದುರಾಳಿಯ ಹೊಡೆತ ತಾಗುವ ಕ್ಷಣಕ್ಕೆ ಸರಿಯಾಗಿ ಜಾಯ್‌ಸ್ಟಿಕ್ಕನ್ನು ಅವನತ್ತ ತಳ್ಳಿದರೆ ಆ ಹೊಡೆತ ವ್ಯರ್ಥವಾಗುತ್ತದೆ. ಈ ವಿದ್ಯೆಯ ಅಭ್ಯಾಸಕ್ಕೆಂದು ನಡುವೆ ಒಂದು ಸುತ್ತು ಬರುತ್ತದೆ. ಅಲ್ಲಿ ನಿಂತು ಬಾಸ್ಕೆಟ್‌ಬಾಲ್ ಎಸೆಯುವವನು ಇದೇ ಶಾನ್! ತಾನು ಗೆಲ್ಲಲಾರದವನು ಇತರರ ಕಲಿಕೆಗೆ ಚೆಂಡು ಎಸೆಯುತ್ತಾನೆ. ತರಗತಿಯಲ್ಲಿ ಸೀಮೆಸುಣ್ಣ ತರಲು, ಹಾಜರಿ ಪುಸ್ತಕ ಒಯ್ಯಲು ನಾವು ಯಾರನ್ನು ಕಳುಹಿಸುತ್ತಿದ್ದೆವೆಂಬುದು ನೆನಪಾಗಿ ಮನಸ್ಸಿಗೆ ಕಸಿವಿಸಿಯಾಯಿತು.

ಹಾಗಾದರೆ ದುರ್ಬಲನನ್ನು ಸಮಬಲನನ್ನಾಗಿ ಮಾಡುವ ಬಗೆ ಹೇಗೆ? ಮೊದಲು ಹೊಳೆಯುವ ಉಪಾಯವೆಂದರೆ ಅಂಕ ಹೆಚ್ಚಿಸುವುದು. ಒಂದು ಗುದ್ದಿಗೆ ಹತ್ತರಷ್ಟು ಪೆಟ್ಟಿದ್ದರೆ ಹದಿನೈದು ಮಾಡಿದರಾಯಿತು. ನಮ್ಮ ಇಲಾಖೆಯ ಭಾಷೆಯಲ್ಲಿ ಇದೇ ಕೃಪಾಂಕ. ಎರಡನೆಯ ಉಪಾಯ, ಬಲಶಾಲಿಗಳನ್ನೆಲ್ಲ ಕೆಳಕ್ಕೆಳೆಯುವುದು. ಈ ಎರಡೂ ಸರಿಯಾದ ದಾರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಕೃಪಾಂಕದ ಬಗ್ಗೆ ನಾನು ಪುಸ್ತಕ ಓದಿ ಕಲಿತವನಲ್ಲ. ನನ್ನ ತರಗತಿಯಲ್ಲಿ ಮಾತು ಉಗ್ಗುತ್ತಿದ್ದ ಹುಡುಗನೊಬ್ಬನಿದ್ದನು. ಬುದ್ಧಿವಂತ. ಆದರೆ ಪ್ರಶ್ನೆ ಕೇಳಿದಾಗ ಮೊದಲ ಅಕ್ಷರ ಹೊರಡುವುದರೊಳಗೆ ಇತರ ಮಕ್ಕಳು ಉತ್ತರ ಕೂಗಿಬಿಡುತ್ತಿದ್ದರು. ಅವನಿಗೆ ಅವಮಾನವಾಗದಿರಲೆಂದು ನಾನು ಒಂದೇ ಪದದಲ್ಲಿ ಉತ್ತರಿಸಬಹುದಾದ ಸುಲಭದ ಪ್ರಶ್ನೆಗಳನ್ನು ಅವನಿಗಾಗಿ ಮೀಸಲಿಟ್ಟೆ. ಅದನ್ನು ಕರುಣೆಯೆಂದೇ ಭಾವಿಸಿದ್ದೆ. ಎಷ್ಟೋ ವರ್ಷಗಳ ಮೇಲೆ ಒಂದು ಮದುವೆಮನೆಯಲ್ಲಿ ಸಿಕ್ಕಿ, ಕಾಲಿಗೆ ನಮಸ್ಕರಿಸಿ, ನಗುನಗುತ್ತಲೇ ಹೇಳಿದನು: “ಸಾರ್, ನೀವು ನನ್ನನ್ನು ಕೇಳುತ್ತಿದ್ದ ಪ್ರಶ್ನೆ ಸುಲಭದ್ದೆಂದು ಇಡೀ ಕ್ಲಾಸಿಗೇ ಗೊತ್ತಿತ್ತು. ನನಗೆ ಉತ್ತರ ಗೊತ್ತಿರುತ್ತಿತ್ತು ಸಾರ್. ಸ್ವಲ್ಪ ಹೊತ್ತು ಬೇಕಾಗಿತ್ತು, ಅಷ್ಟೇ.” ಅಂದು ಊಟದ ಎಲೆಯ ಮುಂದೆ ಕುಳಿತರೂ ನನಗೆ ತುತ್ತು ಇಳಿಯಲಿಲ್ಲ.

ಮೊಮ್ಮಗ ಆಟದ ಒಳಗುಟ್ಟನ್ನು ವಿವರಿಸಿದಾಗ ಈ ಮಾತೇ ಮತ್ತೆ ಕಿವಿಯಲ್ಲಿ ಮೊಳಗಿತು. ತೆರೆಯ ಮೇಲೆ ಸೆಕೆಂಡಿಗೆ ಅರವತ್ತು ಚಿತ್ರಗಳು ಹಾಯುತ್ತವೆ. ಒಂದೊಂದನ್ನೂ ಫ್ರೇಮ್ ಎನ್ನುತ್ತಾರೆ. ಒಂದು ಗುದ್ದು ಹೊರಡಲು ಎಷ್ಟು ಫ್ರೇಮ್, ಅದು ವ್ಯರ್ಥವಾದರೆ ಚೇತರಿಸಿಕೊಳ್ಳಲು ಎಷ್ಟು ಫ್ರೇಮ್ ಎಂಬುದರ ಮೇಲೆ ಸೋಲುಗೆಲುವು ನಿಂತಿದೆ. ನಾಲ್ಕು ಫ್ರೇಮಿನಲ್ಲಿ ಹೊರಡುವ ಹೊಡೆತದ ಮುಂದೆ ಏಳು ಫ್ರೇಮಿನದು ಎಷ್ಟೇ ಬಲವಾಗಿದ್ದರೂ ಹೊರಡುವ ಮೊದಲೇ ಸತ್ತಿರುತ್ತದೆ. ಇಂಥವನಿಗೆ ಪೆಟ್ಟಿನ ಅಂಕ ಹೆಚ್ಚಿಸಿ ಪ್ರಯೋಜನವೇನು? ಅವನ ಅವಸ್ಥೆ ಎಲ್ಲಿ ಸಿಕ್ಕಿಹಾಕಿಕೊಂಡಿದೆಯೆಂದು ಕಂಡುಹಿಡಿದು, ಅಲ್ಲಿ ಎರಡೋ ಮೂರೋ ಫ್ರೇಮುಗಳ ಬಿಡುವು ಕೊಡಬೇಕು. ಉಳಿದದ್ದನ್ನು ಅವನ ವಿದ್ಯೆ ನೋಡಿಕೊಳ್ಳುತ್ತದೆ.

ಬಲಶಾಲಿಗಳನ್ನು ಕೆಳಕ್ಕೆಳೆಯುವುದೂ ಅಷ್ಟೇ. ಚುನ್‌ಲೀಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವನ ಶ್ರಮ ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಗುತ್ತದೆ. ಶಾನ್‌ನನ್ನು ಆರಿಸಲು ಹೊಸ ಕಾರಣವಂತೂ ಹುಟ್ಟುವುದಿಲ್ಲ. ಶಾನ್‌ಗೇ ಒಮ್ಮೆ ಹೀಗಾಗಿದೆಯೆಂಬುದನ್ನು ಮರೆಯಬಾರದು.

ಸರಿಯಾದ ದಾರಿಗೂ ಒಂದು ನಿದರ್ಶನವಿದೆ. ನಿಂಟೆಂಡೊ ಕಂಪನಿಯ ‘ಸೂಪರ್ ಸ್ಮ್ಯಾಶ್ ಬ್ರದರ್ಸ್’ ಸರಣಿಯಲ್ಲಿ ಪಿಚು ಎಂಬ ಪುಟ್ಟ ಪ್ರಾಣಿಯಿದೆ. ಅದು ವಿದ್ಯುತ್ತಿನಿಂದ ಹೊಡೆದಾಗಲೆಲ್ಲ ಅದಕ್ಕೇ ಪೆಟ್ಟಾಗುತ್ತದೆ. 2001ರ ‘ಮೆಲೀ’ ಆಟದಲ್ಲಿ ಅದು ತೀರ ದುರ್ಬಲ. 2018ರ ‘ಅಲ್ಟಿಮೇಟ್’ ಆಟದಲ್ಲಿ ಪಿಚು ಮರಳಿ ಬಂದಾಗ ನಿರ್ಮಾಪಕರು ಆ ಕುಂದನ್ನು ತೆಗೆದುಹಾಕಲಿಲ್ಲ. ತನಗೆ ತಾನೇ ಮಾಡಿಕೊಳ್ಳುವ ನೋವಿಗೆ ತಕ್ಕ ಚುರುಕನ್ನೂ ಶಕ್ತಿಯನ್ನೂ ಕೊಟ್ಟರು. ಪಿಚು ಪಿಚುವಾಗಿಯೇ ಉಳಿದು ಎದುರಾಳಿಗಳಿಗೆ ಭಯ ಹುಟ್ಟಿಸಿತು. ಅದು ಸ್ವಲ್ಪ ಅತಿಯಾಯಿತೆಂದು 2019ರಲ್ಲಿ ತುಸು ತಗ್ಗಿಸಿದರು. ತಿದ್ದಿ, ನೋಡಿ, ಮತ್ತೆ ತಿದ್ದುವುದು. ಶಿಕ್ಷಣವೆಂದರೂ ಇದೇ ಅಲ್ಲವೇ?

ನೋಡುವುದು ಎಂದೆನಲ್ಲ, ಅದೂ ಸುಲಭವಲ್ಲ. ಗೆಲುವಿನ ಶೇಕಡಾವಾರು ಲೆಕ್ಕವನ್ನೇ ನಂಬಿದರೆ ಮೋಸಹೋಗಬಹುದು. ದುರ್ಬಲನನ್ನು ಆರಿಸುವವರು ಕೆಲವರೇ, ಅವರೂ ಹಠವಾದಿ ಪರಿಣತರು. ಆದ್ದರಿಂದ ಅವನ ಗೆಲುವಿನ ಪ್ರಮಾಣ ಚೆನ್ನಾಗಿಯೇ ಕಂಡೀತು. ಐಚ್ಛಿಕ ವಿಷಯಕ್ಕೆ ಆಸಕ್ತರಾದ ಆರೇ ಮಂದಿ ಕುಳಿತು ಆರೂ ಮಂದಿ ಪಾಸಾದರೆ, ವಿಷಯ ಸುಲಭವೆಂದು ಹೇಳಲಾದೀತೇ?

ದುರ್ಬಲರೂ ಇರಲಿ, ಅವರಿಂದ ಗೆದ್ದವನ ಕೀರ್ತಿ ಹೆಚ್ಚು ಎಂದು ವಾದಿಸುವವರಿದ್ದಾರೆ. ಈ ವಾದವನ್ನು ಪೂರ್ತಿ ತಳ್ಳಿಹಾಕಲಾರೆ. ಇದೇ ಕ್ಯಾಪ್‌ಕಾಮ್ 1995ರಲ್ಲಿ ಡ್ಯಾನ್ ಎಂಬ ಹೋರಾಟಗಾರನನ್ನು ನಗೆಪಾತ್ರವಾಗಿಯೇ ಸೃಷ್ಟಿಸಿತು. ಅವನ ಶಕ್ತಿಗೋಲ ಮಾರುದ್ದ ದಾಟುವುದಿಲ್ಲ. ನೋಡಿದವರು ನಗುತ್ತಾರೆ, ಆರಿಸಿದವನಿಗೂ ಅದು ಗೊತ್ತು. ಆದರೆ ಶಾನ್ ವಿದೂಷಕನಲ್ಲ, ವಿದ್ಯಾರ್ಥಿ. ವಿದ್ಯಾರ್ಥಿಯನ್ನು ವಿದೂಷಕನ ಸ್ಥಾನದಲ್ಲಿ ಕೂರಿಸುವುದು ನ್ಯಾಯವಲ್ಲ.

ಹತ್ತು ಪಂದ್ಯಗಳಲ್ಲಿ ಐದೈದು ಗೆಲುವೇ ಎಲ್ಲ ಜೋಡಿಗಳಿಗೂ ಬರಬೇಕೆಂದು ನಾನು ಹೇಳುತ್ತಿಲ್ಲ. ಆರು–ನಾಲ್ಕು ಇದ್ದರೂ ಆಟಕ್ಕೆ ಕಳೆಯಿದೆ. ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದರೆ ಸಮಾನತೆ ಬಂದೀತು, ಆಟ ಹೋದೀತು. ನಾನು ಕೇಳುವುದಿಷ್ಟೇ: ದುರ್ಬಲನ ಕೈಯಲ್ಲಿ ಅವನದೇ ಆದ ಒಂದು ಉತ್ತರವಿರಲಿ, ಅದನ್ನು ಹೇಳಲು ಅವನಿಗೆ ಸಮಯವಿರಲಿ.

ರಜೆಯ ಕೊನೆಯ ದಿನ ಮೊಮ್ಮಗ ಶಾನ್‌ನೊಂದಿಗೆ ಒಂದು ಪಂದ್ಯ ಗೆದ್ದನು. ಒಂದೇ ಒಂದು. ಅವನ ಕೂಗಿಗೆ ಅಡುಗೆಮನೆಯಲ್ಲಿದ್ದ ಅಜ್ಜಿ ಗಾಬರಿಯಾಗಿ ಓಡಿಬಂದರು. ನನಗೆ ಮಾತ್ರ ಮದುವೆಮನೆಯ ಆ ಶಿಷ್ಯ ನೆನಪಾದನು. ಅಂದು ಪ್ರಶ್ನೆ ಕೇಳಿ, ಉಳಿದವರನ್ನು ಸುಮ್ಮನಿರಿಸಿ, ಹತ್ತು ಸೆಕೆಂಡು ಕಾಯುವುದಷ್ಟೇ ನನ್ನ ಕೆಲಸವಾಗಿತ್ತು. ಅದನ್ನು ನಾನು ಮಾಡಲಿಲ್ಲ.

ನಿಮ್ಮಲ್ಲಿ ಹಲವರು ಈಗ ಅಧ್ಯಾಪಕರು, ಇನ್ನು ಕೆಲವರು ಇಂಥ ಆಟಗಳನ್ನೂ ತಂತ್ರಾಂಶಗಳನ್ನೂ ರೂಪಿಸುವವರು. ನಿಮ್ಮ ಮುಂದೆ ಶಾನ್ ಬಂದು ನಿಂತಾಗ ಏನು ಮಾಡಿದಿರಿ? ಬಿಡುವಾದಾಗ ಬರೆಯಿರಿ.